ಎರಡು ಬಿಲ್ಲೆಗಳ ಸಂಖ್ಯೆ

ಹಲ್ಲುಚಕ್ರ ಕೊರೆಯುವ ಆ ಮೇಸ್ತ್ರಿಗೆ ಕಾರ್ಖಾನೆಯವರು ಇಟ್ಟ ಹೆಸರು ಭಾಗಾಕಾರ. ಇಟ್ಟವರ ತಪ್ಪೇನಿಲ್ಲ. ಬಸ್ಸಿನ ನಂಬರಾಗಲಿ, ಬಾಗಿಲಿನ ನಂಬರಾಗಲಿ, ಕಣ್ಣಿಗೆ ಬಿದ್ದರೆ ಸಾಕು, ಅದು ಯಾವುದರಿಂದ ಭಾಗವಾಗುತ್ತದೆಂದು ತಿಳಿಯುವವರೆಗೆ ಅವನಿಗೆ ಗಂಟಲಲ್ಲಿ ಅನ್ನ ಇಳಿಯದು. ಕಸುಬೇ ಅಂಥದ್ದು: ಹಲ್ಲುಗಳ ಲೆಕ್ಕ ಸಣ್ಣ ಸಂಖ್ಯೆಗಳಾಗಿ ಒಡೆದರೆ ಕೆಲಸ ಸಲೀಸು, ಒಡೆಯದಿದ್ದರೆ ತಲೆನೋವು. ಆದರೆ ಕಸುಬನ್ನು ಊಟದ ತಟ್ಟೆಗೂ ಹಾಸಿಗೆಗೂ ಹೊತ್ತು ತಂದರೆ ಕಟ್ಟಿಕೊಂಡವಳು ಏನು ಮಾಡಬೇಕು?

ಅವಳೂ ಅದೇ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದವಳು. ಅವನ ಹಾಜರಿ ಬಿಲ್ಲೆಯ ನಂಬರು ೨೦೭, ಅವಳದು ೪೬೦೩. ಮದುವೆಗೆ ಮುಂಚೆ ಎರಡನ್ನೂ ಪಕ್ಕಪಕ್ಕ ಇಟ್ಟು, ೨೦೭೪೬೦೩ ಎಂದು ಓದಿ, ವಾರಗಟ್ಟಲೆ ಭಾಗಿಸಿ ನೋಡಿ, "ಇದನ್ನ ಯಾವ ಸಂಖ್ಯೆನೂ ಒಡೆಯೋಕಾಗಲ್ಲ ಕಣೇ. ನಾವಿಬ್ರೂ ಹಾಗೇ" ಎಂದಿದ್ದ. ಪುಣ್ಯಾತ್ಮ ಜೀವಮಾನದಲ್ಲಿ ಆಡಿದ ಪ್ರೀತಿಯ ಮಾತು ಅದೊಂದೇ. ಅವಳು ಅದನ್ನೇ ನೆಚ್ಚಿಕೊಂಡು ಸಂಸಾರ ಮಾಡಿದಳು.

ಹೋದ ವಾರ ಅಣ್ಣನ ಮನೆಗೆ ಹೊರಟುಹೋದಳು. ಏನೋ ಹೇಳಬೇಕೆಂದು ಅವಳು ಬಾಯಿ ತೆರೆದಾಗಲೆಲ್ಲ ಇವನು "ತಾಳು, ಒಂದು ನಂಬರಿದೆ" ಎಂದು ಬೆರಳೆತ್ತುತ್ತಿದ್ದ. "ಆ ನಂಬರಿನ ಜತೆನೇ ಬಾಳ್ವೆ ಮಾಡ್ಕೊಳ್ಳಿ" ಎಂದವಳೇ ಚೀಲ ಎತ್ತಿಕೊಂಡಳು.

ವಾಪಸ್ಸು ಬರುತ್ತಾಳೋ ಇಲ್ಲವೋ ತಿಳಿಯದೆ ಮೇಸ್ತ್ರಿ ಅಂಗಾಲು ಸುಟ್ಟ ಬೆಕ್ಕಿನಂತೆ ಮನೆಯೆಲ್ಲ ಸುತ್ತಿದ. ಒಲೆ ಹಚ್ಚಿದ, ಆರಿಸಿದ. ಕಿಟಕಿ ತೆರೆದ, ಮುಚ್ಚಿದ. ಕಡೆಗೆ ಧೈರ್ಯಕ್ಕಾದರೂ ಇರಲಿ ಎಂದು ಆ ಹಳೆಯ ಸಂಖ್ಯೆಯನ್ನೇ ಮತ್ತೆ ಭಾಗಿಸಲು ಕೂತ. ಹೀಗೆ ಪರೀಕ್ಷಿಸುವಾಗ ತಾವೇ ಒಡೆಯದ ಸಂಖ್ಯೆಗಳಿಂದ ಭಾಗಿಸಿದರೆ ಸಾಕು, ಉಳಿದವನ್ನು ಬಿಡಬಹುದು. ೧೩೭೩ ಏಳರಿಂದ ಭಾಗವಾಗುತ್ತದೆಂದು ಮದುವೆಗೆ ಮುಂಚೆ ಅವನು ಅದನ್ನು ಬಿಟ್ಟಿದ್ದ. ಭಾಗವಾಗುವುದಿಲ್ಲ, ಒಂದು ಉಳಿಯುತ್ತದೆ! ಈಗ ಅದರಿಂದ ಭಾಗಿಸಿದ. ಬಂದದ್ದು ೧೫೧೧, ಶೇಷ ಸೊನ್ನೆ.

ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಬುದ್ಧಿಯಿದ್ದವರು ಮುಚ್ಚಿಕೊಂಡೇ ಇರುತ್ತಿದ್ದರು. ಇವನು ಚಪ್ಪಲಿ ಅದಲುಬದಲು ಮೆಟ್ಟಿಕೊಂಡು ಅವಳ ಅಣ್ಣನ ಮನೆಗೆ ಓಡಿದ.

"ನಮ್ಮ ನಂಬರು ಒಡೀತು ಕಣೇ" ಎಂದು ಬಾಗಿಲಲ್ಲೇ ಏದುಸಿರು ಬಿಟ್ಟ. "ಅವತ್ತೇ ತಪ್ಪು ಮಾಡಿದ್ದೆ."

ಅವಳು ಬಟ್ಟೆ ಮಡಚುತ್ತಿದ್ದಳು. ತಲೆ ಎತ್ತಲಿಲ್ಲ. "ಪೂರ್ತಿ ಒಡೀತಾ?"

"ಎರಡಾಯ್ತು. ಆ ಎರಡೂ ಮತ್ತೆ ಒಡೆಯಲ್ಲ."

"ಇನ್ನು ಅದ್ರಲ್ಲಿ ಮಾಡೋ ಲೆಕ್ಕ ಏನೂ ಉಳಿದಿಲ್ವಾ?"

"ಇಲ್ಲ."

"ಹಾಗಾದ್ರೆ ಇಲ್ಲಿ ಕೂತ್ಕೊಳ್ಳಿ."

ಕೂತ. ಅವಳು ಅವನ ಕೈ ಹಿಡಿದು ತನ್ನ ಕುತ್ತಿಗೆಯ ಪಕ್ಕಕ್ಕೆ ಒತ್ತಿಕೊಂಡಳು. ಬೆರಳ ತುದಿಗೆ ಗಂಟೊಂದು ಕಡಲೆಯಷ್ಟು ಗಟ್ಟಿಯಾಗಿ ಸಿಕ್ಕಿತು.

"ಇದನ್ನೇ ಹೇಳೋಕೆ ಅವತ್ತೆಲ್ಲ ಬಾಯಿ ತೆರೀತಿದ್ದೆ. ಡಾಕ್ಟ್ರು ನಾಳೆ ಕರೆದಿದ್ದಾರೆ. ಒಬ್ಬಳೇ ಹೋಗೋಕೆ ಭಯ."

ಮೇಸ್ತ್ರಿ ಕೈ ತೆಗೆಯಲಿಲ್ಲ. "ಎಷ್ಟು ದಿನ ಆಯ್ತು?"

"ಲೆಕ್ಕ ಕೇಳ್ಬೇಡಿ. ಜತೆಗೆ ಬನ್ನಿ."