ಅಮ್ಮನ ಜಪಸರದ ಮೂರು ನಿಮಿಷ

ಬೆಳಗ್ಗೆ ಏಳರವರೆಗೆ ನಮ್ಮ ಮನೆಯಲ್ಲಿ ಯಾರೂ ಫೋನ್ ಮುಟ್ಟುವ ಹಾಗಿಲ್ಲ. ಮೊದಲು ದೇವರು, ಆಮೇಲೆ ಪ್ರಪಂಚ. ಇದು ಅಮ್ಮನ ಕಾನೂನು. ಹಾಗಾಗಿ ಶೆಟ್ಟಿಹಳ್ಳಿಯ ನಮ್ಮ ತಾರಸಿಯಲ್ಲಿ ನಾನು ಅಣ್ಣನ ಜೊತೆ ಬಾಕ್ಸಿಂಗ್ ಅಭ್ಯಾಸ ಮಾಡುವಾಗ ಟೈಮರ್ ಇರಲಿಲ್ಲ. ಇದ್ದದ್ದು ಅಮ್ಮನ ಜಪಸರ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಹತ್ತು ಮಣಿಗೆ ಹತ್ತು ಸಲ ‘ನಮೋ ಮರಿಯ’ ಹೇಳಿ ಮುಗಿಸಲು ಅವಳಿಗೆ ಮೂರು ನಿಮಿಷ ಬೇಕು. ಬಾಕ್ಸಿಂಗಿನ ಒಂದು ಸುತ್ತೂ ಅಷ್ಟೇ. ಇದನ್ನು ಕಂಡುಹಿಡಿದವಳು ನಾನೇ ಅಂತ ನನಗೆ ಜಂಬ ಬೇರೆ.

ಮೈಕೈ ನೋವು ಅಂತ ಹಾಸಿಗೆಯಲ್ಲೇ ಮುದುಡಿದರೆ, “ದೇವರು ಇವತ್ತು ರಜಾ ಹಾಕಿದ್ದಾನಾ?” ಎಂದು ಅಮ್ಮ ರಗ್ಗು ಎಳೆಯುತ್ತಿದ್ದಳು. ಕೈಗೆ ಪಟ್ಟಿ ಸುತ್ತಿಕೊಂಡು ಶಿಲುಬೆ ಗುರುತು ಹಾಕಿದ ಮೇಲೆ ಸೋಮಾರಿತನ ಮಾಡಲು ನನಗೇ ನಾಚಿಕೆಯಾಗುತ್ತಿತ್ತು.

ಇಷ್ಟೆಲ್ಲ ಇದ್ದೂ ರಾಜ್ಯ ತಂಡದ ಆಯ್ಕೆಯಲ್ಲಿ ಸೋತೆ. ಎರಡು ಸುತ್ತು ಹುಲಿ. ಮೂರನೆಯದರ ಕೊನೆಗೆ ಕೈ ಎತ್ತಲೂ ಆಗಲಿಲ್ಲ.

“ಇನ್ನೊಂದ್ ಟ್ರಯಲ್ ಇದೆ. ಅಲ್ಲೂ ಹಿಂಗೇ ಆದ್ರೆ ನಿನ್ ಜಾಗಕ್ಕೆ ಬೇರೆ ಹುಡುಗೀನ ಕಳಿಸ್ತೀನಿ,” ಅಂದರು ನಮ್ಮ ಕೋಚ್. ಮಾರನೇ ದಿನ ಬೆಳಗ್ಗೆ ನಮಾಜ್ ಮುಗಿಸಿ, ಆರ್.ಟಿ. ನಗರದಿಂದ ಸ್ಕೂಟರ್‌ನಲ್ಲಿ ಬಂದು, ಗಡಿಯಾರ ಹಿಡಿದು ತಾರಸಿಯಲ್ಲಿ ನಿಂತರು. ಮೊದಲ ಸುತ್ತು ಸರಿಯಾಗಿತ್ತು. ಮೂರನೆಯದು ಎರಡೇ ನಿಮಿಷಕ್ಕೆ ‘ಆಮೆನ್’.

“ಅಮ್ಮಾ, ಮಗಳಿಗೆ ಏಟು ಬಿದ್ದಾಗೆಲ್ಲ ನೀವು ಗೇರ್ ಚೇಂಜ್ ಮಾಡ್ತಿದ್ದೀರಿ!” ಎಂದು ಅವರು ನಕ್ಕರು.

ನಾನು ನಗಲಿಲ್ಲ. ನನಗೆ ಕೋಪ ಮೂಗಿನ ತುದಿಯಲ್ಲೇ. “ನಿನ್ನಿಂದಾನೇ ಸೋತಿದ್ದು” ಎಂದು ಕೋಚ್ ಎದುರಿಗೇ ಕೂಗಾಡಿದೆ. ಸಂಜೆ ಅಮ್ಮ ಸೊಪ್ಪು ಬಿಡಿಸುತ್ತಾ, “ಅವಸರಕ್ಕೆ ಹೇಳಿದ್ದು ದೇವರಿಗೂ ಸೇರಲ್ಲ, ನಿಂಗೂ ಉಪಯೋಗ ಇಲ್ಲ. ನಾಳೆಯಿಂದ ಸರಿಯಾಗಿ ಹೇಳ್ತೀನಿ ಕಣೆ,” ಅಂದಳು. ಅಷ್ಟು ಹೊತ್ತಿಗೆ ನನಗೆ ಅಳುವೇ ಬಂದಿತ್ತು. ಕ್ಷಮಿಸು ಅನ್ನುವುದು ಬಿಟ್ಟು, ಅವಳ ಮುಂದಿದ್ದ ಸೊಪ್ಪನ್ನು ಎಳೆದುಕೊಂಡು ನಾನೂ ಬಿಡಿಸತೊಡಗಿದೆ.

ಮರುದಿನದಿಂದ ಅಮ್ಮ ಕುರ್ಚಿಯನ್ನು ನೀರಿನ ಟ್ಯಾಂಕ್ ಕಡೆ ತಿರುಗಿಸಿ, ನಮಗೆ ಬೆನ್ನು ಹಾಕಿ ಕೂತಳು. ಒಂದೊಂದು ಮಾತನ್ನೂ ಬಿಡಿಸಿ ಬಿಡಿಸಿ ಹೇಳುವಳು. ಗ್ಲೌಸಿನ ಏಟಿನ ಸದ್ದು ಕೇಳಿದಾಗ ಭುಜ ಬಿಗಿಯುತ್ತಿತ್ತೇ ಹೊರತು ಪ್ರಾರ್ಥನೆ ಓಡುತ್ತಿರಲಿಲ್ಲ. ಮೂರನೇ ಸುತ್ತು ಮುಗಿಯುವುದೇ ಇಲ್ಲ ಅನ್ನಿಸಿ, “ಅಮ್ಮಾ, ಬೇಗ ಆಮೆನ್ ಅನ್ನೇ!” ಎಂದು ಅಣ್ಣನೇ ಗೋಗರೆಯುತ್ತಿದ್ದ. ಅವಳು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ.

ಎರಡನೇ ಟ್ರಯಲ್‌ಗೆ ಅಮ್ಮನೂ ಬಂದಳು. ನನ್ನ ಪಂದ್ಯಕ್ಕೆ ಅವಳು ಬಂದದ್ದು ಅದೇ ಮೊದಲು. ಮೂರನೇ ಸುತ್ತಿನ ಕೊನೆಯ ಗಂಟೆಯವರೆಗೂ ನನ್ನ ಕೈ ಇಳಿಯಲಿಲ್ಲ, ಗೆದ್ದೆ. ಓಡಿಬಂದು, “ಎಷ್ಟು ಸಲ ಜಪ ಮಾಡ್ದೆ?” ಅಂದೆ.

“ಎಲ್ಲಿ ಮಾಡ್ದೆ? ಇಲ್ಲಿ ಗಂಟೆ ಅವರದ್ದೇ ಇತ್ತಲ್ಲ, ಸುಮ್ನೆ ನೋಡ್ತಾ ಕೂತೆ.” ಊದಿಕೊಂಡ ನನ್ನ ಕೆನ್ನೆ ಮುಟ್ಟಿ ನೋಡಿದಳು. “ಇಷ್ಟು ದಿನ ನಿಂಗೆ ಬೀಳೋ ಏಟಷ್ಟೇ ನನ್ ಕಣ್ಣಿಗೆ ಕಾಣ್ತಿತ್ತು ಕಣೆ. ನೀನೂ ಹೊಡೀತೀಯ ಅಂತ ಗೊತ್ತೇ ಇರ್ಲಿಲ್ಲ.”