ರಸಮಟ್ಟ ಭಾವನ ಹೊಸ ಫೋನು

ನನ್ನ ದೊಡ್ಡಕ್ಕನ ಗಂಡ ಕಲ್ಲು ಕೂರಿಸುವ ಕೆಲಸದವರು. ಅಡುಗೆಕಟ್ಟೆ, ನೆಲ, ಮೆಟ್ಟಿಲು ಎಲ್ಲವೂ ಸೈ. ಅವರು ಮುಗಿಸಿದ ನೆಲದ ಮೇಲೆ ನೀರು ಚೆಲ್ಲಿದರೆ, ಯಾವ ಕಡೆ ಹೋಗಲಿ ಎಂದು ನೀರು ಅವರನ್ನೇ ಕೇಳುತ್ತದೆ ಅಂತ ಜೊತೆಯವರು ತಮಾಷೆ ಮಾಡುತ್ತಿದ್ದರು. ಹೆಸರು ಹಿಡಿದು ಕರೆಯುವವರೇ ಇಲ್ಲ, ಎಲ್ಲರ ಬಾಯಲ್ಲೂ ‘ರಸಮಟ್ಟ’. ಮೇಜು ಅಲುಗಾಡಿದರೆ ಅದರ ಕಾಲಡಿಗೆ ಮಡಚಿದ ಕಾಗದ ತೂರಿಸದೆ ಈ ಮನುಷ್ಯ ತುತ್ತು ಎತ್ತುವುದಿಲ್ಲ. ಇಂಥವರ ಜೊತೆ ಏಗಿದ ನಮ್ಮಕ್ಕನಿಗೆ ಯಾರಾದರೂ ಪದಕ ಕೊಡಬೇಕು.

ಕಲ್ಲು ಸಮ ಇದೆಯೇ ಎಂದು ತೋರಿಸುವ, ಗಾಜಿನೊಳಗೆ ಗುಳ್ಳೆ ಓಡಾಡುವ ನಿಜವಾದ ರಸಮಟ್ಟ ಅವರ ಕೈಜಾರಿ ಒಡೆದು ವರ್ಷಗಳಾದವು. ಆಗ ಮಗಳು ತನ್ನ ಹಳೆಯ ಆಂಡ್ರಾಯ್ಡ್ ಫೋನಿಗೆ ಮಟ್ಟ ನೋಡುವ ಆ್ಯಪ್ ಹಾಕಿ ಅವರಿಗೆ ಕೊಟ್ಟಿದ್ದಳು. ಹಲಗೆಯಂಥ ಚಪ್ಪಟೆ ಬೆನ್ನಿನ ಫೋನು. ಕಲ್ಲಿನ ಮೇಲಿಟ್ಟಾಗ ಸೊನ್ನೆ ತೋರಿಸಿದರೆ ಕಲ್ಲು ಸಮ. ಸಿಮೆಂಟಿನ ಧೂಳು ಕುಡಿದೂ ಕುಡಿದೂ ಕೊನೆಗೆ ಅದು ಕಣ್ಣು ಮುಚ್ಚಿತು.

ಮಗಳು ಕೆಲಸ ಮಾಡುವುದೇ ಫೋನಿನ ಅಂಗಡಿಯಲ್ಲಿ. ಗುರುತಿಲ್ಲದ ವಸ್ತುವನ್ನು ಅಪ್ಪ ಮುಟ್ಟುವುದಿಲ್ಲ ಎಂದು ಗೊತ್ತಿದ್ದರಿಂದ ಅದೇ ಮಾಡೆಲ್ಲಿನ ಸುಧಾರಿಸಿದ ಆವೃತ್ತಿಯನ್ನು ಹುಡುಕಿ ತಂದಳು.

“ಅದೇ ಫೋನು ಅಪ್ಪ. ಬ್ಯಾಟರಿ ಜಾಸ್ತಿ ಬರುತ್ತೆ, ಕ್ಯಾಮೆರಾ ಚೆನ್ನಾಗಿದೆ, ಅಷ್ಟೇ.”

ಭಾವ ಅದನ್ನು ಸಿಕ್ಕಸಿಕ್ಕವರಿಗೆಲ್ಲ ತೋರಿಸಿದರು. ಮಗಳು ತಂದದ್ದು ಎಂದು ನನಗೇ ಎಷ್ಟು ಸಲ ಹೇಳಿದರೋ!

ಹೊಸ ಫೋನಿನಲ್ಲಿ ಮಾಡಿದ ಮೊದಲ ಕೆಲಸ ನನ್ನ ಚಿಕ್ಕಕ್ಕನ ಮನೆಯ ಅಡುಗೆಕಟ್ಟೆ. ಅವಳ ಬಾಯಿ ಅಂದರೆ ಬಾಯಿ. ಕಲ್ಲು ಗಟ್ಟಿಯಾದ ಮೇಲೆ ಕಟ್ಟೆಯ ಮೇಲೆ ಒಂದು ಕೋಳಿಮೊಟ್ಟೆ ತಂದಿಟ್ಟಳಂತೆ. ಅದು ತಣ್ಣಗೆ ಎಡಕ್ಕೆ ಉರುಳಿ ಕೆಳಗೆ ಬಿದ್ದು ಒಡೆಯಿತು. ನಮ್ಮನ್ನೆಲ್ಲ ಕರೆಸಿ ಇನ್ನೊಂದು ಮೊಟ್ಟೆ ಉರುಳಿಸಿ ತೋರಿಸಿದಳು.

“ನೋಡಿ ನಿಮ್ಮ ರಸಮಟ್ಟನ ಕೆಲಸಾನ! ನೀರು ಚೆಲ್ಲಿದ್ರೆ ಸೀದಾ ಒಲೆಗೇ ಹೋಗುತ್ತೆ!”

ಭಾವ ಫೋನಿನ ತಲೆ ಎಡಕ್ಕೆ ಬರುವಂತೆ ಇಟ್ಟರು. ಸೊನ್ನೆ. ಅದರ ತಲೆ ಬಲಕ್ಕೆ ಬರುವಂತೆ ತಿರುಗಿಸಿಟ್ಟರು. ಸೊನ್ನೆ ಹೋಯಿತು. ಮೆಲ್ಲಗೆ ಫೋನಿನ ಬೆನ್ನು ಸವರಿದರು. ಸುಧಾರಿಸಿದ ಕ್ಯಾಮೆರಾ ಅಲ್ಲಿ ಗುಬುಟಾಗಿ ಎದ್ದಿತ್ತು. ಅದರಿಂದ ಫೋನಿನ ತಲೆ ಒಂಚೂರು ಮೇಲೆ. ಸೊನ್ನೆ ಬರಿಸಲು ಭಾವ ಕಲ್ಲಿನ ಎಡಗಡೆಯನ್ನೇ ತಗ್ಗಿಸಿದ್ದರು. ನನಗೆ ಅರ್ಥವಾಯಿತು. ಅವರು ನನ್ನ ಮುಖ ನೋಡಿದರು, ಆಮೇಲೆ ಬಾಗಿಲಲ್ಲಿ ನಿಂತ ಮಗಳನ್ನು ನೋಡಿ ಫೋನನ್ನು ಜೇಬಿಗೆ ಹಾಕಿಕೊಂಡರು.

“ತಪ್ಪು ನಂದೇ. ವಯಸ್ಸಾಯ್ತು, ಕಣ್ಣು ಮಂಜಾಗ್ತಿದೆ. ಕಿತ್ತು ಮತ್ತೆ ಕೂರಿಸಿಕೊಡ್ತೀನಿ.”

ಎರವಲು ರಸಮಟ್ಟ ತಂದು ಕೂರಿಸಿಯೂ ಕೊಟ್ಟರು. ಆದರೆ ಚಿಕ್ಕಕ್ಕನ ಬಾಯಿಗೆ ಬೀಗ ಹಾಕುವವರು ಯಾರು? ಮಾತು ಭಾವನಿಗೆ ಕೆಲಸ ಕೊಡುವ ಮೇಸ್ತ್ರಿಯ ಕಿವಿಗೆ ಬಿತ್ತು. ಕಣ್ಣು ಮಂಜು ಎಂದು ತಾನೇ ಒಪ್ಪಿಕೊಂಡವನ ಕೈಗೆ ಅವನು ಕಲ್ಲು ಕೊಡಲಿಲ್ಲ, ಸಿಮೆಂಟು ಕಲಸಲು ಹಾಕಿದ. ಜೊತೆಯವರು ಈಗ ‘ಮೊಟ್ಟೆ’ ಅನ್ನುತ್ತಿದ್ದರು. ಮೇಸ್ತ್ರಿಗೆ ನಿಜ ಹೇಳಿಬಿಡುತ್ತೇನೆ ಎಂದು ನಾನು ಹೊರಟೆ. ಭಾವ ಮಾತ್ರ, “ನೀನು ಸುಮ್ನಿರು ಮಾರಾಯ. ಹುಡುಗಿ ಆಸೆಪಟ್ಟು ತಂದಿದ್ದಾಳೆ,” ಎಂದು ನನ್ನ ಬಾಯಿ ಕಟ್ಟಿದರು.

ಒಂದು ದಿನ ಅವರ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದೆವು. ಚಿಕ್ಕಕ್ಕನೂ ಇದ್ದಳು. ತಟ್ಟೆಗೆ ಜಾಗ ಮಾಡಲು ಮಗಳು ಅಪ್ಪನ ಫೋನನ್ನು ಎತ್ತಿದಳು. ಅದರ ಅಡಿಯಲ್ಲಿ, ಮಡಚಿದ ಕಾಗದದ ಚೂರು. ಕಾಗದ ತೆಗೆದು ಫೋನನ್ನು ಮತ್ತೆ ಇಟ್ಟು ಮೂಲೆ ಒತ್ತಿದಳು. ಅದು ಟಕ್ಕೆಂದು ಅಲುಗಿತು. ಇನ್ನೊಮ್ಮೆ ಒತ್ತಿದಳು.

“ಅಪ್ಪ, ಚಿಕ್ಕಮ್ಮನ ಕಟ್ಟೆ ವಾಲಿದ್ದು ಇದರಿಂದ ಅಲ್ವಾ?”

ಭಾವ ಫೋನನ್ನು ಜೇಬಿಗೆ ಹಾಕಿಕೊಳ್ಳಲು ಕೈ ಚಾಚಿದರು.

“ಹೇಳಿ ಅಪ್ಪ. ನಿಮ್ಮ ಕಣ್ಣಿಗೆ ಏನಾಗಿದೆ?” ಅವಳು ಅಳುತ್ತಿದ್ದಳು.

“ಕಣ್ಣಿಗೇನೂ ಆಗಿಲ್ಲ ಕಣಮ್ಮ. ಕಲ್ಲು ಎಡಕ್ಕೆ ಇಳಿದಿದೆ ಅಂತ ಕೂರಿಸುವಾಗಲೇ ಕಾಣ್ತಿತ್ತು. ಫೋನು ಸೊನ್ನೆ ಅಂತು. ನೀನು ತಂದಿದ್ದಲ್ವಾ, ನನ್ನ ಕಣ್ಣೇ ಸುಳ್ಳು ಹೇಳ್ತಿದೆ ಅಂದ್ಕೊಂಡೆ.”

ಯಾರೂ ಉಣ್ಣಲಿಲ್ಲ. ಚಿಕ್ಕಕ್ಕ ಕೈ ತೊಳೆದು ಬಂದು ನನ್ನ ಮುಂದೆ ನಿಂತಳು.

“ಆ ಮೇಸ್ತ್ರಿ ನಂಬರು ಕೊಡೋ,” ಎಂದಳು.