ಪ್ರಿನ್ಸಿಪಾಲರು ಒಳಗಿದ್ದರು

ಚಂದ್ರಕಲಾಳ ನರ್ಸಿಂಗ್ ಸೀಟು ಹೋದದ್ದು ನನ್ನಿಂದ. ಅವಳ ತಾಯಿ ಆರು ವರ್ಷ ಅದನ್ನು ಹಣೆಬರಹ ಎನ್ನುತ್ತಿದ್ದರು. ಹಣೆಬರಹವಲ್ಲ. ಕಾಲೇಜು ಬಿಡುತ್ತೇನೆಂದು ಅವಳು ಬರೆದುಕೊಟ್ಟ ಅರ್ಜಿಯನ್ನು ನಾನು ಐದು ದಿನ ನನ್ನ ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೆ—ಮರೆತು ಅಲ್ಲ, ಬೇಕೆಂದೇ.

ಇದನ್ನು ಬರೆಯಲು ಕೂತಾಗಲೆಲ್ಲ ಮೊದಲು ನನ್ನ ಕಷ್ಟ ಹೇಳಿಕೊಳ್ಳಬೇಕು ಅನ್ನಿಸುತ್ತದೆ. ಹೇಳಿಕೊಂಡ ಕೂಡಲೇ ತಪ್ಪು ಸ್ವಲ್ಪ ಸಣ್ಣದಾಗಿ ಕಾಣುತ್ತದೆ. ಅದಕ್ಕೇ ಎಷ್ಟು ಬೇಕೋ ಅಷ್ಟನ್ನೇ ಹೇಳುತ್ತೇನೆ.

ನಾನು ಭೂಗೋಳಶಾಸ್ತ್ರದ ಅತಿಥಿ ಉಪನ್ಯಾಸಕಿ. ಮನೆ ಮಂಡ್ಯದಲ್ಲಿ. ದಿನಾ ಬೆಳಿಗ್ಗೆ ಬಸ್ಸು ಹಿಡಿದು ಭಾರತೀನಗರಕ್ಕೆ—ಇಲ್ಲಿಯವರ ಬಾಯಲ್ಲಿ ದೊಡ್ಡಿಗೆ—ಹೋಗಿ ಪಾಠ ಮಾಡಿ ಬರುತ್ತೇನೆ. ನಮ್ಮದು ಕಾಯಂ ಕೆಲಸವಲ್ಲ. ಪ್ರತಿ ವರ್ಷ ಹೊಸದಾಗಿ ತೆಗೆದುಕೊಳ್ಳುತ್ತಾರೆ, ತೆಗೆದುಕೊಳ್ಳದೆಯೂ ಇರಬಹುದು. ಆ ವರ್ಷ ಒಂದು ಮಾತು ಹಬ್ಬಿತ್ತು: ಮೊದಲ ವರ್ಷದ ಬಿ.ಎ.ಯಲ್ಲಿ ಹದಿನೈದು ಮಕ್ಕಳಾದರೂ ಇಲ್ಲದ ವಿಷಯವನ್ನು ಮುಚ್ಚುತ್ತಾರೆ ಎಂದು. ಭೂಗೋಳ ತೆಗೆದುಕೊಂಡವರು ಸರಿಯಾಗಿ ಹದಿನೈದು ಮಂದಿ. ಹದಿನೈದನೆಯವಳು ಚಂದ್ರಕಲಾ.

ಮಳವಳ್ಳಿ ರಸ್ತೆಯ ಒಂದು ಹಳ್ಳಿಯ ಹುಡುಗಿ. ಅಪ್ಪ ನಿಂಗೇಗೌಡರಿಗೆ ಒಂದೂವರೆ ಎಕರೆ ಕಬ್ಬಿನ ಗದ್ದೆ, ತಾಯಿ ಜಯಮ್ಮ ಎರಡು ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುವವರು. ಪಿಯುಸಿಯಲ್ಲಿ ವಿಜ್ಞಾನ ಓದಿದ್ದಳು, ನರ್ಸಿಂಗಿಗೆ ಬರೆದಿದ್ದಳು, ಸೀಟು ಹಂಚುವ ಮೊದಲೆರಡು ಸುತ್ತಿನಲ್ಲಿ ಬರಲಿಲ್ಲ. ವರ್ಷ ಹಾಳಾಗಬಾರದೆಂದು ನಮ್ಮಲ್ಲಿ ಬಿ.ಎ.ಗೆ ಸೇರಿದಳು. ಭೂಗೋಳ ತೆಗೆದುಕೋ ಎಂದು ಹೇಳಿದವಳು ನಾನೇ. ದಾಖಲಾತಿ ಕೆಲಸವನ್ನೆಲ್ಲ ಕಾಯಂ ಇರುವವರು ನಮ್ಮಂಥವರ ತಲೆಗೆ ಕಟ್ಟಿರುತ್ತಿದ್ದರು. ಹಾಗಾಗಿ ಸೇರುವವರೂ ಬಿಡುವವರೂ ನನ್ನ ಮೇಜು ದಾಟಿಯೇ ಹೋಗಬೇಕಿತ್ತು.

ಕ್ಲಾಸು ಶುರುವಾಗಿ ಮೂರು ವಾರವಾಗಿತ್ತು. ಒಂದು ಬುಧವಾರ ಮಧ್ಯಾಹ್ನ ಅವಳು ಓಡುತ್ತ ಬಂದಳು. ಉಸಿರು ಸಿಗುತ್ತಿರಲಿಲ್ಲ. ಕಡೇ ಸುತ್ತಿನಲ್ಲಿ ಯಾರೋ ಬಿಟ್ಟ ಸೀಟು ಅವಳಿಗೆ ಬಂದಿದೆ, ಅದೂ ಮಂಡ್ಯದಲ್ಲೇ.

"ಶನಿವಾರ ಸಾಯಂಕಾಲದೊಳ್ಗೆ ಒರಿಜಿನಲ್ ತಕಂಡು ಓಗಿ ಸೇರ್ಬೇಕು ಮೇಡಂ," ಎಂದಳು.

ಸೇರುವಾಗ ಕೊಟ್ಟ ಮೂಲ ಅಂಕಪಟ್ಟಿ, ಟಿ.ಸಿ. ಎಲ್ಲ ನಮ್ಮ ಕಚೇರಿಯ ಬೀರುವಿನಲ್ಲಿದ್ದವು. ಅವು ಅವಳ ಕೈಗೆ ಬರಬೇಕಾದರೆ ಬಿಡುವ ಅರ್ಜಿಗೆ ನಾನು ಸಹಿ ಹಾಕಬೇಕು, ಆಮೇಲೆ ಪ್ರಿನ್ಸಿಪಾಲರು ಹಾಕಬೇಕು. ಎರಡು ಸಹಿ, ಹತ್ತು ನಿಮಿಷದ ಕೆಲಸ. ಅವಳು ನನ್ನೆದುರೇ ನಿಂತು ಅರ್ಜಿ ಬರೆದಳು. ದುಂಡಗಿನ ಅಕ್ಷರ. ಕಾರಣ ಎಂಬಲ್ಲಿ "ನರ್ಸಿಂಗ್ ಸೀಟು ಸಿಕ್ಕಿರುವುದರಿಂದ" ಎಂದು ಬರೆದು, ಪೆನ್ನಿನ ತುದಿ ಕಚ್ಚಿಕೊಂಡು ತನ್ನಷ್ಟಕ್ಕೆ ನಕ್ಕಳು.

ವಿಷಯವಾರು ಮಕ್ಕಳ ಪಟ್ಟಿ ಮೇಲಿನ ಕಚೇರಿಗೆ ಹೋಗಬೇಕಾಗಿದ್ದದ್ದು ಶುಕ್ರವಾರ ಸಂಜೆ.

"ಪ್ರಿನ್ಸಿಪಾಲ್ ಸರ್ ಮೀಟಿಂಗಲ್ಲಿದಾರೆ. ಅರ್ಜಿ ಕೊಟ್ಟು ಹೋಗಿರು, ನಾನು ಮಾಡಿಸಿ ಇಟ್ಟಿರ್ತೀನಿ. ಶುಕ್ರವಾರ ಬಾ," ಎಂದೆ.

ಆ ಹೊತ್ತಿಗೆ ಅದು ಪೂರ್ತಿ ಸುಳ್ಳಾಗಿರಲಿಲ್ಲ. ಅವರು ಮೀಟಿಂಗಿನಲ್ಲೇ ಇದ್ದರು, ಅರ್ಧ ಗಂಟೆಯಲ್ಲಿ ಬಂದರು. ಅರ್ಜಿ ನನ್ನ ಕೈಯಲ್ಲಿತ್ತು. ನಾನು ಎದ್ದು ಹೋಗಲಿಲ್ಲ. ಗುರುವಾರವೂ ಹೋಗಲಿಲ್ಲ. ಗುರುವಾರ ಇಡೀ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ—ಶನಿವಾರದವರೆಗೆ ಇದೆಯಲ್ಲ, ಶುಕ್ರವಾರ ಪಟ್ಟಿ ಹೋದ ಮರುಕ್ಷಣ ಕೊಟ್ಟುಬಿಡುತ್ತೇನೆ, ಅವಳಿಗೂ ನಷ್ಟವಿಲ್ಲ ನನಗೂ ಇಲ್ಲ. ಕೆಟ್ಟದ್ದು ಮಾಡುವವರು ಮೊದಲು ಹೀಗೆಯೇ ಅಂದುಕೊಳ್ಳುತ್ತಾರೋ ಏನೋ.

ಶುಕ್ರವಾರ ತಾಯಿ ಮಗಳು ಇಬ್ಬರೂ ಬಂದರು. ಹನ್ನೊಂದು ಗಂಟೆ. ಜಯಮ್ಮ ತಲೆಗೆ ಹೂವು ಮುಡಿದು, ಮದುವೆಗೆ ಹೊರಟವರಂತೆ ಸೀರೆ ಉಟ್ಟಿದ್ದರು. ದಾಖಲೆ ತೆಗೆದುಕೊಂಡು ಅಲ್ಲಿಂದಲೇ ಮಂಡ್ಯದ ಬಸ್ಸು ಹತ್ತುವ ಯೋಚನೆ ಅವರದು. ಪ್ರಿನ್ಸಿಪಾಲರು ಒಳಗೇ ಇದ್ದರು. ನನ್ನ ಮೇಜಿನಿಂದ ನಾಲ್ಕು ಹೆಜ್ಜೆ. ಬಾಗಿಲು ಸುಮ್ಮನೆ ಮುಚ್ಚಿತ್ತು, ಚಿಲಕ ಹಾಕಿರಲಿಲ್ಲ.

"ಸರ್ ಮೈಸೂರಿಗೆ ಹೋಗಿದಾರೆ," ಎಂದೆ.

ಚಂದ್ರಕಲಾಳ ಮುಖ ಕಪ್ಪಿಟ್ಟಿತು. "ಸಾಯಂಕಾಲ ಬತ್ತಾರ ಮೇಡಂ? ಕಾಯ್ತೀವಿ."

"ಇವತ್ತು ಬರಲ್ಲಮ್ಮ. ನಾಳೆ ಎರಡನೇ ಶನಿವಾರ, ಕಾಲೇಜಿಲ್ಲ. ಸೋಮವಾರ ಖಂಡಿತ ಕೊಡಿಸ್ತೀನಿ."

"ನಾಳೀಕೇ ಕಡೇ ದಿನ ಅಂತಾವ್ಳಲ್ಲ ಕಣವ್ವ," ಎಂದರು ಜಯಮ್ಮ. "ಆಮ್ಯಾಕೆ ಸೇರುಸ್ಕಂಡಾರಾ?"

ಆಗ ನಾನು ಆ ಮಾತು ಹೇಳಿದೆ. ಧ್ವನಿ ಒಂದಿಷ್ಟೂ ನಡುಗಲಿಲ್ಲ—ಅದೇ ಇವತ್ತಿಗೂ ನನಗೆ ಭಯ ಹುಟ್ಟಿಸುವುದು. "ಒಂದೆರಡು ದಿನ ಹೆಚ್ಚುಕಮ್ಮಿ ಆದ್ರೆ ಏನೂ ಆಗಲ್ಲ ಬಿಡಿ. ತಗೋತಾರೆ. ನಾನು ನೋಡಿದೀನಿ."

ನಾನು ಏನನ್ನೂ ನೋಡಿರಲಿಲ್ಲ.

ಹುಡುಗಿ ಏನೋ ಹೇಳಲು ಬಾಯಿ ತೆರೆದಳು. ಜಯಮ್ಮ ಅವಳ ಕೈ ಹಿಡಿದೆಳೆದರು. "ಮೇಡಮ್ಮೋರೇ ಏಳುದ್ಮೇಲೆ ಇನ್ನೇನ್ ಬುಡು. ಅವ್ರಿಗ್ ಗೊತ್ತಿಲ್ದಾ? ನಡಿ."

ಪಟ್ಟಿ ಸಂಜೆ ನಾಲ್ಕಕ್ಕೆ ಹೋಯಿತು. ಹದಿನೈದು ಹೆಸರು. ಕಚೇರಿ ಐದೂವರೆವರೆಗೆ ತೆರೆದಿತ್ತು, ಅವಳ ಫೋನ್ ನಂಬರು ಅರ್ಜಿಯ ಮೇಲೇ ಇತ್ತು. ಗುರುವಾರ ನನಗೆ ನಾನೇ ಕೊಟ್ಟುಕೊಂಡ ಮಾತಿನಂತೆ ಆಗ ಒಂದು ಫೋನು ಮಾಡಿದ್ದರೆ ಸಾಕಿತ್ತು—ಬಂದು ತೆಗೆದುಕೊಂಡು ಹೋಗಿ ಮಾರನೆಯ ದಿನ ಸೇರಿಕೊಳ್ಳುತ್ತಿದ್ದಳು. ಮಾಡಲಿಲ್ಲ. ಮೈಸೂರಿಗೆ ಹೋದವರು ಹೇಗೆ ಬಂದರು ಎಂದು ಕೇಳಿದರೆ? ಪಟ್ಟಿ ತಿದ್ದಿ ಕಳಿಸಿ ಎಂದು ಪ್ರಿನ್ಸಿಪಾಲರು ಅಂದುಬಿಟ್ಟರೆ? ಇಷ್ಟು ಸಣ್ಣ ಕಾರಣಗಳು. ನನ್ನ ಕೆಲಸ ಉಳಿದ ಮೇಲೂ ನಾನು ಅವಳ ಸೀಟು ಉಳಿಸಲಿಲ್ಲ. ಇದಕ್ಕೆ ಬಡತನದ ಹೆಸರು ಹೇಳಲಾರೆ. ಐದರ ಬಸ್ಸಿಗೆ ಮನೆಗೆ ಹೋದೆ.

ಸೋಮವಾರ ಪ್ರಿನ್ಸಿಪಾಲರು ತಲೆ ಎತ್ತದೆ ಸಹಿ ಹಾಕಿದರು. "ಹೋಗೋ ಮಕ್ಕಳನ್ನ ಹಿಡ್ಕೊಂಡು ಏನ್ಮಾಡೋದು ಮೇಡಂ? ಕಳಿಸ್ಕೊಡಿ," ಎಂದರು. ಒಂದು ನಿಮಿಷವೂ ಆಗಲಿಲ್ಲ. ತಾಯಿ ಮಗಳು ದಾಖಲೆ ಹಿಡಿದು ಮಂಡ್ಯಕ್ಕೆ ಹೋದರು. ಶನಿವಾರ ಬಾರದವರ ಸೀಟು ರದ್ದಾಗಿತ್ತು.

ಮಂಗಳವಾರ ಚಂದ್ರಕಲಾ ಒಬ್ಬಳೇ ಬಂದಳು. ಕಣ್ಣು ಊದಿಕೊಂಡಿತ್ತು. "ಮೇಡಂ, ನನ್ನೆಸ್ರು ತೆಗ್ದಾಕ್ಬುಟ್ರಾ?" ಎಂದು ಕೇಳಿದಳು. ಹಾಜರಿ ಪುಸ್ತಕ ತೋರಿಸಿದೆ. ಹೆಸರು ಹಾಗೇ ಇತ್ತು. ಅವಳು ಕೈ ಮುಗಿದಳು. "ನಿಮ್ ಪುಣ್ಯ ಮೇಡಂ. ಇಲ್ದಿದ್ರೆ ಇದೂ ಇರ್ತಿರ್ಲಿಲ್ಲ."

ನಾನು—ಆ ನಮಸ್ಕಾರವನ್ನು ತೆಗೆದುಕೊಂಡೆ.

ಮುಂದಿನ ವರ್ಷ ಭೂಗೋಳಕ್ಕೆ ಹನ್ನೊಂದೇ ಮಂದಿ ಸೇರಿದರು. ಯಾರೂ ಕೇಳಲಿಲ್ಲ, ಯಾರೂ ಮುಚ್ಚಲಿಲ್ಲ. ಹದಿನೈದರ ಮಾತು ಎಲ್ಲಿಂದ ಹುಟ್ಟಿತ್ತೋ ಅಲ್ಲೇ ಸತ್ತಿತ್ತು.

ಅವಳು ಮೂರು ಸೆಮಿಸ್ಟರ್ ಓದಿದಳು. ಕಷ್ಟಪಟ್ಟು, ಇಷ್ಟವಿಲ್ಲದೆ. ನಕಾಶೆ ಮಾತ್ರ ಚೆನ್ನಾಗಿ ಬರೆಯುತ್ತಿದ್ದಳು. ಮೂರನೆಯ ಸೆಮಿಸ್ಟರಿನ ಪರೀಕ್ಷೆಗೆ ಶುಲ್ಕ ಕಟ್ಟಿ ಹೆಸರು ಕೊಟ್ಟಿದ್ದಳು. ಪ್ರವೇಶಪತ್ರ ಬಂದು ಕಚೇರಿಯಲ್ಲಿ ಬಿದ್ದಿತ್ತು, ಒಯ್ಯಲು ಬರಲಿಲ್ಲ. ಫೋನು ಮಾಡಿದರೆ ಜಯಮ್ಮ ಎತ್ತಿದರು. "ಮದ್ವೆ ಗೊತ್ತಾಯ್ತು ಕಣವ್ವ. ಅವ್ರಪ್ಪ ಕೇಳ್ನಿಲ್ಲ. ನರ್ಸಾಗಂಗಿದ್ರೆ ಕಾಯ್ತಿದ್ದೆ, ಈ ಬಿ.ಎ. ಓದಿ ಏನ್ ಕಡ್ದಾಕ್ತಾಳೆ ಅಂದ್ರು." ಆಶೀರ್ವಾದ ತಿಳಿಸಿ ಎಂದು ಹೇಳಿ ಫೋನು ಇಟ್ಟೆ. ಪರೀಕ್ಷೆಯ ದಿನ ನಾನೇ ಕೊಠಡಿಯ ಮೇಲ್ವಿಚಾರಕಿ. ಅವಳ ನಂಬರಿನ ಮುಂದೆ ಗೈರುಹಾಜರು ಎಂದು ಬರೆದೆ.

ಇಷ್ಟಕ್ಕೇ ಮುಗಿದಿದ್ದರೆ ಬಹುಶಃ ಇನ್ನೂ ಸುಮ್ಮನಿರುತ್ತಿದ್ದೆ. ಈ ವರ್ಷ ದಾಖಲಾತಿ ಶುರುವಾದಾಗ ಜಯಮ್ಮ ಎರಡನೆಯ ಮಗಳು ಪವಿತ್ರಾಳನ್ನು ಕರೆದುಕೊಂಡು ನೇರ ನನ್ನ ಮೇಜಿಗೇ ಬಂದರು. ತುಂಬ ಇಳಿದುಹೋಗಿದ್ದರು.

"ದೊಡ್ಡೋಳ್ಗೆ ಅಣೇಲಿ ಬರೀಲಿಲ್ಲ. ಇವ್ಳನ್ನಾರ ನೀವೇ ಒಂದ್ ದಾರಿಗಾಕಿ ಮೇಡಮ್ಮೋರೆ. ನಿಮ್ಮನ್ನ ಬುಟ್ರೆ ನಮ್ಗೆ ಇನ್ಯಾರ್ ಗೊತ್ತು?"

ಚಂದ್ರಕಲಾ ಹೇಗಿದ್ದಾಳೆ ಎಂದೆ. ಹಲಗೂರಿನ ಕಡೆ ಕೊಟ್ಟಿದ್ದೇವೆ, ಒಂದು ಮಗುವಿದೆ ಎಂದರು. ಆಮೇಲೆ ಪವಿತ್ರಾಳನ್ನು ಆಚೆ ಕಳಿಸಿ, ಸಣ್ಣ ದನಿಯಲ್ಲಿ, "ಅವ್ರಪ್ಪ ಇವತ್ಗೂ ನನ್ನೇ ಅಂತಾರೆ. ಅವತ್ತು ಅಲ್ಲೇ ಕುಂತು ಮಾಡುಸ್ಕಂಡ್ ಬರಕಾಗ್ಲಿಲ್ವೇನೇ ಮುಂಡೇದೆ ಅಂತ. ಒಂದ್ ಅನ್ನ ಸೀದೋದ್ರೂ ಆ ಮಾತೇ," ಎಂದರು. ಅದನ್ನು ದೂರಿನಂತೆ ಹೇಳಲಿಲ್ಲ, ಸೆರಗಿನಲ್ಲಿ ಮೂಗು ಒರೆಸಿಕೊಂಡು ನಕ್ಕರು.

ಆರು ವರ್ಷ ನಾನು ಹೇಳಿದ ಸುಳ್ಳಿಗೆ ಈ ಹೆಂಗಸು ಬೈಸಿಕೊಂಡಿದ್ದಾರೆ. ನನಗೆ ಅಲ್ಲೇ ಹೇಳಲು ಆಗಲಿಲ್ಲ. ಚಂದ್ರಕಲಾಳ ನಂಬರು ಮಾತ್ರ ಕೇಳಿ ಬರೆದುಕೊಂಡೆ.

ಆ ಭಾನುವಾರ ಹಲಗೂರಿಗೆ ಹೋದೆ. ಬಸ್ ನಿಲ್ದಾಣಕ್ಕೆ ಮಗುವನ್ನು ಸೊಂಟದಲ್ಲಿಟ್ಟುಕೊಂಡು ಬಂದಳು. ನನ್ನನ್ನು ನೋಡಿ ಅವಳಿಗೆ ನಿಜವಾಗಿ ಸಂತೋಷವಾಗಿತ್ತು—ಅದನ್ನು ನಾನೇ ಕೆಡಿಸಬೇಕಿತ್ತು. ಕಲ್ಲು ಬೆಂಚಿನ ಮೇಲೆ ಕೂತು ಎಲ್ಲ ಹೇಳಿದೆ. ಬುಧವಾರದಿಂದ ಸೋಮವಾರದವರೆಗೆ. ಅವಳು ಮಗುವಿನ ಕಾಲಿನ ಗೆಜ್ಜೆ ಸರಿಮಾಡುತ್ತ ಕೇಳಿದಳು. ನನ್ನ ಮಾತು ಮುಗಿದ ಮೇಲೆ ಎರಡು ಪ್ರಶ್ನೆ ಹಾಕಿದಳು.

"ಆ ಸುಕ್ರವಾರ ಸರ್ ಒಳ್ಗೇ ಇದ್ರಾ ಮೇಡಂ?"

"ಇದ್ದರು."

"ಚಿಲ್ಕ ಆಕಿತ್ತಾ?"

"ಇಲ್ಲ."

"ನಾನೇ ಒಂದ್ಸಲ ಬಾಗ್ಲು ತಳ್ಬೇಕಾಗಿತ್ತು," ಎಂದಳು.

"ಚಂದ್ರಕಲಾ, ನಿನ್ನದೇನೂ ತಪ್ಪು—"

"ಗೊತ್ತು ಮೇಡಂ. ಆದ್ರೂವೆ."

ಅವಳು ಬೈಯಲಿಲ್ಲ, ಅಳಲಿಲ್ಲ. ಬಸ್ಸು ಬಂತು, ಹೋಯಿತು. ಮಗು ನಿದ್ದೆ ಹೋಯಿತು. ಎದ್ದು ಹೊರಡುವಾಗ ಹೇಳಿದಳು: "ನಂಗೇಳುದ್ರೆ ಏನ್ ಬಂತು? ನನ್ದು ಮುಗ್ದೋಗದೆ. ಅಪ್ಪನ್ ಮುಂದೆ ಏಳಿ. ಅವ್ವ ಇನ್ನೂ ಬೈಸ್ಕತಾವ್ಳೆ."

ಮಾರನೆಯ ದಿನ ಸಂಜೆ ಅವರ ಊರಿಗೆ ಹೋದೆ. ನಿಂಗೇಗೌಡರು ಜಗಲಿಯ ಮೇಲಿದ್ದರು. ಕಾಫಿಗೆ ಎಂದು ಒಳಗೆ ಹೊರಟ ಜಯಮ್ಮನನ್ನು ನಿಲ್ಲಿಸಿ, ಇಬ್ಬರ ಎದುರಿಗೂ ಹೇಳಿದೆ. ತಡವರಿಸಿದೆ. ಹದಿನೈದರ ವಿಷಯ ಬಂದಾಗ ಗೌಡರು ತಡೆದರು.

"ಅಂಗಾರೆ ನಮ್ಮುಡ್ಗಿ ನಿಮ್ಗೆ ಬರೀ ಒಂದ್ ನಂಬ್ರಾ ಕಣವ್ವ?"

ಹೌದು ಎಂದೆ.

ಅವರು ಹೆಂಡತಿಯ ಕಡೆ ತಿರುಗಿದರು. ಹೆಗಲ ಮೇಲಿನ ಟವಲು ಕೊಡವಿ, ಮೆಟ್ಟು ಮೆಟ್ಟಿಕೊಂಡು, ಗದ್ದೆಯ ಕಡೆ ನಡೆದುಬಿಟ್ಟರು.

ಈಗಲಾದರೂ ಜಯಮ್ಮನ ಮೇಲಿನ ಭಾರ ಇಳಿದೀತು ಎಂದುಕೊಂಡಿದ್ದೆ. ಅವರು ಗೋಡೆಗೆ ಒರಗಿ ಕೂತರು. "ಆ ಮಗ ಅವತ್ತು ದಾರೀಲಿ ಅಂದ್ಲು ಕಣವ್ವ. ಇನ್ನೊಂದ್ಸಲ ಕೇಳಾನ ಬಾ ಅವ್ವ, ಸರ್ ಒಳ್ಗೆ ಕೆಮ್ಮಿದಂಗಾಯ್ತು ಅಂತ. ನಾನೇ ಬಾಯ್ ಮುಚ್ಚುಸ್ದೆ. ಮೇಡಮ್ಮೋರು ಸುಳ್ಳೇಳ್ತಾರೇನೇ ಅಂತ ತಲೆ ಮ್ಯಾಲೆ ಮೊಟಕ್ದೆ. ಇಷ್ಟ್ ದಿನ ಅಣೆಬರಾ ಅಂತಿದ್ದೆ. ಇನ್ಮ್ಯಾಕೆ ಅವ್ಳ್ ಮಕ ಎಂಗ್ ನೋಡ್ಲಿ, ಏಳಿ?"

ಜಗಲಿ ಇಳಿದು ಬಸ್ಸಿಗೆ ಬಂದೆ.

ಈಗಿನ ಪ್ರಿನ್ಸಿಪಾಲರಿಗೆ ನಡೆದದ್ದನ್ನೆಲ್ಲ ಬರೆದು ಸಹಿ ಹಾಕಿ ಕೊಟ್ಟಿದ್ದೇನೆ. ಮುಂದಿನ ವರ್ಷ ನನ್ನನ್ನು ತೆಗೆದುಕೊಳ್ಳುತ್ತಾರೋ ಇಲ್ಲವೋ ತಿಳಿಯದು, ಕೇಳಲೂ ಇಲ್ಲ. ಅದರಿಂದ ಜಯಮ್ಮನ ಭಾರವೇನೂ ಇಳಿಯುವುದಿಲ್ಲ. ಅವರು ಕೇಳಿದ್ದು ಮಗಳ ಮುಖ ಹೇಗೆ ನೋಡಲಿ ಎಂದು, ನನ್ನ ಕೆಲಸದ ಮಾತಲ್ಲ.